ನೀಲಿ ಫ್ರಾಕಿನ ಹುಡುಗಿ

ಎರಡೂ ಕೈಗಳು ಮೇಜಿನ ಮೇಲೆ ಕಾಣುವ ಹಾಗಿರಬೇಕು ಎಂದು ವಕೀಲರು ಹೇಳಿದ್ದರು. ಎದೆಗೆ ಕಟ್ಟಿಕೊಳ್ಳಬಾರದು, ಮುಷ್ಟಿ ಹಿಡಿಯಬಾರದು, ಬೆರಳು ತೋರಿಸಿ ಮಾತಾಡುವುದಂತೂ ಕೂಡದೇ ಕೂಡದು. ಬೆಳಿಗ್ಗೆ ಮುಖ ತೊಳೆದವನೇ ಅಡುಗೆಮನೆಯ ಪುಟ್ಟ ಮೇಜಿನ ಮುಂದೆ ಕೂತು ಅವನು ಅದನ್ನು ಅಭ್ಯಾಸ ಮಾಡಿದ. ಎದುರಿಗಿದ್ದ ಖಾಲಿ ಕುರ್ಚಿಯನ್ನು ಹೆಂಡತಿ ಎಂದುಕೊಂಡ, ಕಟ್ಟೆಯ ಮೇಲಿದ್ದ ಸ್ಟೌವನ್ನು ಸಂಧಾನಕಾರರು ಎಂದುಕೊಂಡ. ಅಂಗೈಗಳನ್ನು ಮೇಜಿಗೆ ಒತ್ತಿ, 'ನಮ್ಮ ಮಗಳ ಹಿತವೇ ನನಗೆ ಮುಖ್ಯ' ಎಂದ. ಸ್ಟೌವು ಏನೂ ಹೇಳಲಿಲ್ಲ. ಮಾತು ಸರಿಯಾಗಿಯೇ ಬಂದಿತ್ತು, ಅಕ್ಷರ ಅಕ್ಷರ ಬಿಡಿಸಿ ಬಂದಿತ್ತು. ತೊಂದರೆ ಇದ್ದದ್ದೇ ಅಲ್ಲಿ. ಇಪ್ಪತ್ತೆರಡು ವರ್ಷ ರೈಲು ನಿಲ್ದಾಣದ ಮೈಕಿನ ಮುಂದೆ ಕೂತು, ಗಾಡಿ ಬಂತು, ಗಾಡಿ ಹೋಯಿತು, ಗಾಡಿ ತಡವಾಯಿತು ಎಂದು ಸಾರಿದ ಬಾಯಿಗೆ ಬೇರೆ ಥರ ಮಾತಾಡುವುದು ಮರೆತೇಹೋಗಿತ್ತು. 'ನಮ್ಮ ಮಗಳ ಹಿತ' ಎಂದರೂ ಅದು ಎರಡನೇ ಪ್ಲಾಟ್‌ಫಾರ್ಮಿಗೆ ಬರಲಿದೆ ಎನ್ನುವ ಹಾಗೆ ಕೇಳಿಸುತ್ತಿತ್ತು. ಕೈ ತೆಗೆದಾಗ ಮೇಜಿನ ಮೇಲೆ ಬೆವರಿನ ಎರಡು ಹಸ್ತಗಳು ಉಳಿದಿದ್ದವು. ಬಟ್ಟೆ ತಂದು ಒರೆಸಿದ.

ವಕೀಲರೆಂದರೆ ಅವನಿಗಿಂತ ಹದಿನೈದು ವರ್ಷವಾದರೂ ಚಿಕ್ಕವರಾದ ಹೆಣ್ಣುಮಗಳು. ಗುಂಡಗಿನ ಅಕ್ಷರದಲ್ಲಿ ಒಂದು ಹಾಳೆ ಬರೆದುಕೊಟ್ಟು, ಪರೀಕ್ಷೆಗೆ ಕಳಿಸುವ ಟೀಚರ ಹಾಗೆ ಎರಡು ಸಲ ಬಾಯಿಪಾಠ ಒಪ್ಪಿಸಿಕೊಂಡಿದ್ದರು. ನಡುವೆ ಬಾಯಿ ಹಾಕಬಾರದು. ನನ್ನ ಮಗಳು ಅನ್ನಬಾರದು, ನಮ್ಮ ಮಗಳು ಅನ್ನಬೇಕು. ಹೆಂಡತಿಯನ್ನು ಅವಳು ಇವಳು ಅಂತ ಏಕವಚನದಲ್ಲಿ ಕರೆಯಬಾರದು, ಅವರು ಅನ್ನಬೇಕು. ಹನ್ನೊಂದು ವರ್ಷ 'ಏ ಇವಳೇ' ಎಂದು ಕರೆದವಳನ್ನು ಹನ್ನೊಂದೂವರೆ ಗಂಟೆಯಿಂದ 'ಅವರು' ಎನ್ನಬೇಕಾದ ಕಷ್ಟ ಅನುಭವಿಸಿದವನಿಗೇ ಗೊತ್ತು. ಹಾಳೆಯ ಕೊನೆಯ ಸಾಲಿಗೆ ಮಾತ್ರ ಕೆಳಗೆ ಎರಡು ಗೆರೆ ಎಳೆದಿತ್ತು: ಆ ದಿನದ ಬಗ್ಗೆ ಕೇಳಿದ್ದಕ್ಕಷ್ಟೇ ಉತ್ತರ. 'ತಪ್ಪಾಯಿತು, ಇನ್ನು ಹಾಗಾಗುವುದಿಲ್ಲ' ಅನ್ನಿ, ಸಾಕು. ಬಣ್ಣದ ವಿಷಯ ಎತ್ತಲೇಬೇಡಿ, ಅದು ಅವರಿಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಅದನ್ನು ಹೇಳುವಾಗ ವಕೀಲರು ಅವನ ಮುಖ ನೋಡಿರಲಿಲ್ಲ, ಪೆನ್ನಿನ ಮುಚ್ಚಳ ಹಾಕುತ್ತಿದ್ದರು. ತಮ್ಮ ಕಕ್ಷಿದಾರನ ಬಗ್ಗೆ ವಕೀಲರಿಗೇ ಹೇಸಿಗೆಯಾಗಿದೆಯೋ ಏನೋ ಎಂದು ಅವನಿಗೆ ಆಗ ಅನ್ನಿಸಿತ್ತು. ಇವತ್ತು ಸಂಧಾನಕ್ಕೆ ಮೂರನೆಯ ಸಲ ಕೂರುವುದು, ಕೊನೆಯ ಸಲವೂ ಹೌದು. ಅವನು ಕೇಳುತ್ತಿದ್ದದ್ದು ಶನಿವಾರ ಸಂಜೆಯಿಂದ ಭಾನುವಾರ ಸಂಜೆಯ ತನಕ ಮಗಳು ತನ್ನ ಮನೆಯಲ್ಲಿರಬೇಕು, ಒಂದು ರಾತ್ರಿ ತನ್ನ ಮನೆಯಲ್ಲಿ ಮಲಗಬೇಕು ಎಂದು. ಹೆಂಡತಿ ಕೊಡುತ್ತೇನೆನ್ನುತ್ತಿದ್ದದ್ದು ಭಾನುವಾರ ಎರಡು ಗಂಟೆ, ಅದೂ ಗ್ರಂಥಾಲಯದ ಮಕ್ಕಳ ಕೋಣೆಯಲ್ಲಿ, ತನ್ನ ಅಕ್ಕನ ಕಣ್ಣೆದುರಿಗೆ. ಇಲ್ಲಿ ಒಪ್ಪಂದವಾಗದಿದ್ದರೆ ನ್ಯಾಯಾಧೀಶರ ಮುಂದೆ ಹೋಗುತ್ತದೆ, ಎಂಟು ವರ್ಷದ ಮಗುವನ್ನು ಕೂರಿಸಿ ಅಪ್ಪ ಬೇಕೋ ಅಮ್ಮ ಬೇಕೋ ಎಂದು ಕೇಳುತ್ತಾರೆ.

ಅವನ ಅಕ್ಕ ಫೋನು ಮಾಡಿದಳು. ಯಾವ ಶರ್ಟು ಹಾಕ್ಕೊಳ್ತಿದ್ದೀಯ ಎಂದು ಮೊದಲ ಪ್ರಶ್ನೆ. "ಬಿಳಿ ಬೇಡ, ದೊಡ್ಡ ಸಾಧು ಥರ ಕಾಣ್ತೀಯ. ಕಪ್ಪು ಬೇಡವೇ ಬೇಡ. ನೀಲಿ ಹಾಕ್ಕೊ, ನೋಡೋರಿಗೆ ತಂಪಾಗಿರತ್ತೆ. ಆಮೇಲೆ ಬಾಯಿ ಒಂದು ಹಿಡಿತದಲ್ಲಿ ಇಟ್ಕೊ ಕಣೋ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು." ಆಗಲಿ ಎಂದು ನೀಲಿ ಶರ್ಟನ್ನು ಬೀರುವಿನಿಂದ ತೆಗೆದ, ಒಂದು ತೋಳು ತೂರಿಸಿದ, ಕನ್ನಡಿಯಲ್ಲಿ ಕಂಡ ಬಣ್ಣಕ್ಕೆ ಕೈ ಅಲ್ಲೇ ನಿಂತಿತು. ತೋಳು ಬಿಡಿಸಿ ಅದನ್ನು ಮತ್ತೆ ತಂತಿಗೆ ತೂಗುಹಾಕಿ, ಬೂದು ಬಣ್ಣದ್ದನ್ನು ಹಾಕಿಕೊಂಡ. ಎಂಟು ತಿಂಗಳಿಂದ ಆ ನೀಲಿ ಅವನನ್ನು ಹೀಗೇ ಕಾಡುತ್ತಿತ್ತು. ಬಸ್ಸಿನಲ್ಲಿ ಎದುರು ಸೀಟಿನ ಚೀಲ ನೀಲಿ, ಆಸ್ಪತ್ರೆಯ ಪರದೆ ನೀಲಿ, ಬೇರೆಯವರ ಮಕ್ಕಳು ಹಾಕಿಕೊಂಡ ಫ್ರಾಕುಗಳು ಎಲ್ಲಿ ನೋಡಿದರೂ ನೀಲಿ. ಮಗಳು ಅವತ್ತು ಹಾಕಿಕೊಂಡಿದ್ದದ್ದು ಹಳದಿ. ಬೆಳಿಗ್ಗೆ ಎಂಟಕ್ಕೆ ಅವಳಮ್ಮ ಬೀದಿಯ ತಿರುವಿನಲ್ಲಿ ಬಿಟ್ಟುಹೋದಾಗ ಕೈ ಹಿಡಿದುಕೊಂಡು ಬಂದವನು ಅವನೇ, ಬೆನ್ನ ಹಿಂದೆ ಬಿಚ್ಚಿಹೋಗಿದ್ದ ಗುಂಡಿ ಹಾಕಿದವನೂ ಅವನೇ, ಮೂರು ಗಂಟೆ ಎದುರಿಗೆ ಕೂತು ಹಾವು-ಏಣಿ ಆಡಿದವನೂ ಅವನೇ. ಹಳದಿ, ಕಾಲರಿನ ಸುತ್ತ ಬಿಳಿ ಅಂಚು. ಈಗ ಕಣ್ಣು ಮುಚ್ಚಿದರೂ ನೂಲು ನೂಲಾಗಿ ಕಾಣುತ್ತದೆ. ಕೆಟ್ಟ ಮೇಲೆ ಬುದ್ಧಿ ಬರುವುದು ಎಂದರೆ ಇದೇ.

ಆ ಶನಿವಾರ ಅವನಿಗೆ ರಜೆಯಿತ್ತು. ಪಾಳಿಯಲ್ಲಿದ್ದವನಿಗೆ ಗಂಟಲು ಕಟ್ಟಿತೆಂದು ಹನ್ನೊಂದು ಗಂಟೆಗೆ ನಿಲ್ದಾಣದಿಂದ ಕರೆ ಬಂತು. ಆಗುವುದಿಲ್ಲ, ಮಗಳು ಬಂದಿದ್ದಾಳೆ ಎನ್ನಬಹುದಿತ್ತು. ಎನ್ನಲಿಲ್ಲ. ನನ್ನ ಬಿಟ್ಟರೆ ಇನ್ನು ಯಾರು ಎಂಬ ಒಂದು ಸಣ್ಣ ಜಂಬ ಅವನಿಗೆ ಯಾವಾಗಲೂ ಇತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಹೆಂಡತಿ ಅನ್ನುತ್ತಿದ್ದದ್ದು ಸುಮ್ಮನೆ ಅಲ್ಲ. ಮೈಕಿನ ಕೋಣೆಯೊಳಗೆ ಹೊರಗಿನವರು ಬರುವಂತಿಲ್ಲ, ಮಗಳನ್ನು ಕಿಟಕಿಯ ಕೆಳಗಿನ ಬೆಂಚಿನಲ್ಲಿ ಕೂರಿಸಿ, ಕತೆ ಪುಸ್ತಕ, ಬಿಸ್ಕತ್ತು ಕೊಟ್ಟು, ಇಲ್ಲೇ ಇರು ಪುಟ್ಟಿ, ನಾನು ಗಾಜಿನಿಂದ ನೋಡ್ತಾ ಇರ್ತೀನಿ ಎಂದ. ಎರಡು ಗಾಡಿ ತಡ, ಒಂದು ಗಾಡಿಗೆ ಪ್ಲಾಟ್‌ಫಾರ್ಮ್ ಬದಲು. ಜನ ಸೇತುವೆ ಹತ್ತಿ ಇಳಿದು ಓಡಾಡಿದರು. ತಲೆ ಎತ್ತಿ ಗಾಜಿನಾಚೆ ನೋಡಿದಾಗ ಬೆಂಚಿನ ಮೇಲೆ ಪುಸ್ತಕ ಇತ್ತು, ಪುಟ್ಟಿ ಇರಲಿಲ್ಲ.

ಕಳೆದುಹೋದ ಮಕ್ಕಳ ಬಗ್ಗೆ ಸಾರುವುದಕ್ಕೆ ಒಂದು ಕ್ರಮವಿದೆ. ಹೆಸರು ಹೇಳಬಾರದು, ಹೆಸರು ಗೊತ್ತಾದರೆ ಯಾವ ಕಳ್ಳನೂ ಬಾ ಮರಿ ಎಂದು ಕರೆದುಕೊಂಡು ಹೋಗಬಹುದು. ವಯಸ್ಸು ಹೇಳಬೇಕು, ಬಟ್ಟೆ ಹೇಳಬೇಕು, ಕಂಡವರು ಕಚೇರಿಗೆ ಕರೆತರಬೇಕು ಎನ್ನಬೇಕು. ಅವನಿಗೆ ಕೆಲಸ ಕಲಿಸಿದ ಮುದುಕರು ಇನ್ನೊಂದನ್ನೂ ಹೇಳಿಕೊಟ್ಟಿದ್ದರು: ಗುಂಡಿ ಒತ್ತಿದ ಮೇಲೆ ತಡವರಿಸಬೇಡ ಮಾರಾಯ, ನೀನು ಒಂದು ಗಳಿಗೆ ಸುಮ್ಮನಾದರೆ ಸಾವಿರ ಜನ ಏನೋ ಆಗಿಹೋಯಿತು ಅಂತ ಕಂಗಾಲಾಗ್ತಾರೆ. ಅವನು ಗುಂಡಿ ಒತ್ತಿದ. ಪ್ರಯಾಣಿಕರ ಗಮನಕ್ಕೆ, ಸುಮಾರು ಎಂಟು ವರ್ಷದ ಹೆಣ್ಣುಮಗು ಎಂಬಲ್ಲಿಗೆ ಬಂದು ಬಟ್ಟೆಯ ಬಣ್ಣ ಹುಡುಕಿದರೆ ತಲೆಯೊಳಗೆ ಏನೂ ಇರಲಿಲ್ಲ. ಬಾಯಿ ಕಾಯಲಿಲ್ಲ. 'ನೀಲಿ ಬಣ್ಣದ ಫ್ರಾಕು ತೊಟ್ಟಿದ್ದು' ಎಂದುಬಿಟ್ಟಿತು. ಹಿಂದಿನ ವಾರ ಇನ್ಯಾರದೋ ಮಗುವಿಗೆ ಹೇಳಿದ್ದ ಬಣ್ಣವೋ, ಬಾಯಿಗೆ ರೂಢಿಯಾದ ಬಣ್ಣವೋ, ದೇವರಿಗೇ ಗೊತ್ತು. ಹೇಳಿದ ಮೇಲೆ ಅದೇ ನಿಜವೆಂದು ಅವನೂ ನಂಬಿದ. ಗಾಡಿಗಳ ನಡುವೆ ಬಿಡುವು ಮಾಡಿಕೊಂಡು ಮೂರು ಸಲ ಸಾರಿದ. ಎದ್ದು ಹೋಗಿ ಹುಡುಕಲು ಬದಲಿ ಇರಲಿಲ್ಲ, ಪೊಲೀಸಿನವನಿಗೂ ನೀಲಿ ಎಂದೇ ಹೇಳಿ ಕಳಿಸಿದ. ನಲವತ್ತು ನಿಮಿಷದ ಮೇಲೆ ಗುಡಿಸುವ ಹೆಂಗಸು ಆರನೇ ಪ್ಲಾಟ್‌ಫಾರ್ಮಿನ ಕೊನೆಯಿಂದ ಮಗುವನ್ನು ಕೈ ಹಿಡಿದು ಕರೆತಂದು, "ನೀಲಿ ಅಂದ್ರಲ್ಲ ಸಾರ್, ಇದು ಹಳದಿ" ಎಂದಳು. ಅವನು ಕೇಳಿಸದವನ ಹಾಗೆ ಮಗಳನ್ನು ಎತ್ತಿಕೊಂಡ. ನೀರು ಕುಡಿಯೋಕೆ ಹೋಗಿದ್ದೆ ಎಂದಷ್ಟೇ ಅವಳು ಹೇಳಿದಳು. ಮೈಕಲ್ಲಿ ಕೇಳಿಸಲಿಲ್ವಾ ಎಂದರೆ ತಲೆ ತಗ್ಗಿಸಿದಳು. ಎರಡನೇ ಸಲ ಕೇಳುವ ಧೈರ್ಯ ಅವನಿಗೆ ಆಗಲಿಲ್ಲ, ಅವತ್ತೂ ಇಲ್ಲ, ಆಮೇಲೂ ಇಲ್ಲ.

ಬಸ್ಸಿಳಿದು ಸಂಧಾನ ಕೇಂದ್ರದ ಕಟ್ಟಡದ ಮೆಟ್ಟಿಲು ಹತ್ತುವಾಗ 'ಅವರು, ಅವರು' ಎಂದು ಮನಸ್ಸಿನಲ್ಲೇ ಹೇಳಿಕೊಂಡ. ಎರಡನೇ ಮಹಡಿ, ಉದ್ದನೆಯ ಓಣಿ, ಗೋಡೆಗೆ ಸಾಲಾಗಿ ಪ್ಲಾಸ್ಟಿಕ್ ಕುರ್ಚಿಗಳು. ವಕೀಲರು ಮೊದಲೇ ಬಂದು ನಿಂತಿದ್ದರು, ಒಳಗೆ ಅವರಿಗೆ ಪ್ರವೇಶವಿಲ್ಲ. "ಉಸಿರು ನಿಧಾನಕ್ಕೆ ಬಿಡಿ," ಎಂದರು. ಓಣಿಯ ಕೊನೆಯ ಕುರ್ಚಿಯಲ್ಲಿ ಪುಟ್ಟಿ ಕೂತಿದ್ದಳು. ಶಾಲೆಗೆ ರಜೆ, ಮನೆಯಲ್ಲಿ ಬಿಡಲು ಯಾರೂ ಇಲ್ಲ, ದೊಡ್ಡಮ್ಮನ ಜೊತೆ ಬಂದಿದ್ದಾಳೆ. ತೊಡೆಯ ಮೇಲೆ ಚಿತ್ರ ಬರೆಯುವ ಪುಸ್ತಕ. ಅವಳ ಕಾಲು ಈಗ ನೆಲ ಮುಟ್ಟುತ್ತಿತ್ತು. ಎರಡು ತಿಂಗಳ ಹಿಂದೆ ಗ್ರಂಥಾಲಯದಲ್ಲಿ ಒಂದು ಸಲ ನೋಡಲು ಬಿಟ್ಟಾಗ ತೂಗಾಡುತ್ತಿತ್ತಲ್ಲ ಎಂದು ಅವನಿಗೆ ಗಾಬರಿಯಾಯಿತು. ಇವತ್ತು ಹಸಿರು, ಎಂದು ಮನಸ್ಸಿನಲ್ಲಿ ಬರೆದುಕೊಂಡ. ಹಸಿರು ಅಂಗಿ, ಕಂದು ಪ್ಯಾಂಟು, ಬಿಳಿ ಬೂಟು, ಎಡಗಾಲಿನ ದಾರ ಬಿಚ್ಚಿದೆ. ಅವಳು ತಲೆ ಎತ್ತಿ 'ಅಪ್ಪಾ' ಎನ್ನಲು ಬಾಯಿ ತೆರೆದಳು. ದೊಡ್ಡಮ್ಮ ತನ್ನ ಕೈಚೀಲವನ್ನು ಈ ತೊಡೆಯಿಂದ ಆ ತೊಡೆಗೆ ಬದಲಿಸಿ ನಡುವೆ ಬಂದಳು. "ಮುಗಿಯೋ ತನಕ ಮಾತಾಡಿಸೋ ಹಾಗಿಲ್ಲ, ನಿಮಗೇ ಗೊತ್ತಿದೆ," ಎಂದಳು, ಗೋಡೆಗೆ ಹೇಳುವ ಹಾಗೆ. ಗೊತ್ತಿತ್ತು. ಬೂಟಿನ ದಾರ ಬಿಚ್ಚಿದೆ ಎಂದು ಹೇಳುವುದೂ ಮಾತಾಡಿಸಿದ ಹಾಗೆಯೋ ಎಂದು ಯೋಚಿಸುತ್ತ ಅವನು ಹೆಸರು ಕರೆಯುವ ತನಕ ನಿಂತೇ ಇದ್ದ.

ಸಂಧಾನಕಾರರು ಅಜ್ಜಿಯ ವಯಸ್ಸಿನ ಹೆಂಗಸು, ಕಿವಿಗೆ ಯಂತ್ರ ಹಾಕಿಕೊಂಡಿದ್ದರು. ಹಿಂದಿನ ಎರಡು ಸಲದ ಹಾಗೆ ಈ ಸಲವೂ ಮೊದಲ ಮಾತು ಅದೇ: "ಯಾರಾದರೂ ದನಿ ಏರಿಸಿದರೆ ಇದನ್ನ ತೆಗೆದು ಮೇಜಿನ ಮೇಲೆ ಇಟ್ಟುಬಿಡ್ತೀನಿ. ಆಮೇಲೆ ನೀವಿಬ್ಬರೂ ಗೋಡೆಗೆ ಹೇಳ್ಕೋಬೇಕು." ಹೆಂಡತಿ ಎದುರಿಗೆ ಕೂತಿದ್ದಳು. ತೆಳ್ಳಗಾಗಿದ್ದಳು. ಔಷಧಿ ಅಂಗಡಿಯಲ್ಲಿ ಚೀಟಿ ನೋಡಿ ಮಾತ್ರೆ ಕೊಡುವ ಕೆಲಸ ಅವಳದು. ಡಾಕ್ಟರ ಅಕ್ಷರವನ್ನೇ ಓದುವವಳಿಗೆ ಗಂಡನ ಮುಖ ಓದುವುದು ಯಾವ ಮಹಾ ವಿದ್ಯೆ ಎಂದು ಮೊದಮೊದಲು ತಮಾಷೆ ಮಾಡುತ್ತಿದ್ದಳು. ಆಮೇಲೆ ಮುಖದಲ್ಲಿ ಏನೂ ಬರೆದಿಲ್ಲವಲ್ಲ ಎಂದು ಗೋಳಾಡಿದಳು. ಕೆಲಸದಲ್ಲಿ ಅವನಿಗೆ ಅಶರೀರವಾಣಿ ಎಂದು ಅಡ್ಡಹೆಸರು. ಅದನ್ನು ಕೇಳಿದ ದಿನ ಅವಳು ಬಿದ್ದುಬಿದ್ದು ನಕ್ಕಿದ್ದಳು, ವರ್ಷಗಳ ಮೇಲೆ ಒಂದು ಸಂಜೆ ಅದೇ ಮಾತು ತೆಗೆದು, ನನಗೆ ಶರೀರ ಇರೋ ಗಂಡ ಬೇಕಿತ್ತು ಎಂದು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅತ್ತಿದ್ದಳು. ಆಗಲೂ ಅವನು ಬಾಗಿಲ ಹೊರಗೆ ನಿಂತು ಸ್ಪಷ್ಟವಾದ ಉಚ್ಚಾರದಲ್ಲಿ ಸಮಾಧಾನ ಹೇಳಿದ್ದ. ಕೈಗಳನ್ನು ಮೇಜಿನ ಮೇಲೆ ಇಟ್ಟ. ಅವಳು ಅವನ ಕೈ ನೋಡಿದಳು, ಯಾರೋ ಹೇಳಿಕೊಟ್ಟಿದ್ದಾರೆ ಎಂದು ಅವಳಿಗೆ ಗೊತ್ತಾಯಿತು ಎಂಬುದು ಅವನಿಗೂ ಗೊತ್ತಾಯಿತು. ಅವಳ ಕೈಗಳೂ ಮೇಜಿನ ಮೇಲೇ ಇದ್ದವು.

"ಆ ಶನಿವಾರದ ಬಗ್ಗೆ ಮೊದಲು ಮುಗಿಸಿಬಿಡೋಣ," ಎಂದರು ಸಂಧಾನಕಾರರು. "ಅದು ನಡುವೆ ಇರೋ ತನಕ ಬೇರೆ ಯಾವುದೂ ಮುಂದಕ್ಕೆ ಹೋಗಲ್ಲ. ನೀವು ಅವರಿಗೆ ಏನಾದರೂ ಹೇಳೋದಿದ್ದರೆ ಹೇಳಿ. ನನಗಲ್ಲ, ಅವರಿಗೆ."

ತಪ್ಪಾಯಿತು, ಇನ್ನು ಹಾಗಾಗುವುದಿಲ್ಲ. ಎರಡೇ ಮಾತು, ಬೆಳಿಗ್ಗೆಯಿಂದ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡು ಬಂದಿದ್ದ. ಅವಳ ಕಣ್ಣು ತನ್ನ ಮೇಲಿದೆ, ತಡವರಿಸಬಾರದು ಎಂದುಕೊಂಡು ಬಾಯಿ ತೆರೆದ. "ಆ ದಿನ ಉಂಟಾದ ತೊಂದರೆಗೆ ವಿಷಾದಿಸುತ್ತೇವೆ," ಎಂದ.

ಹೆಂಡತಿ ಸಂಧಾನಕಾರರ ಕಡೆ ತಿರುಗಿದಳು. "ಕೇಳಿಸ್ಕೊಂಡ್ರಾ ಮೇಡಂ. ವಿಷಾದಿಸುತ್ತೇವಂತೆ. ಯಾರ್ಯಾರು? ಇವರ ಜೊತೆ ಇನ್ನೂ ಎಷ್ಟು ಜನ ಇದಾರೆ ಕೇಳಿ." ನಗು ಬಂದರೆ ನಕ್ಕುಬಿಡುತ್ತಿದ್ದಳೇನೋ, ಬರಲಿಲ್ಲ. "ನಮ್ಮಪ್ಪ ಹೋದ ದಿನ ಫೋನಲ್ಲಿ ಹೇಳಿದ್ದೂ ಇದೇ ದನೀಲಿ. ಗಾಡಿ ರದ್ದಾಯ್ತು ಅನ್ನೋ ಹಾಗೆ."

ಕಿವಿ ಬಿಸಿಯಾಯಿತು. ನೆಲ ಬಾಯಿ ಬಿಟ್ಟಿದ್ದರೆ ಕುರ್ಚಿಯ ಸಮೇತ ಇಳಿದುಹೋಗುತ್ತಿದ್ದ. ಬೇಕೆಂದು ಹೇಳಿದ್ದಲ್ಲ ಎಂದು ಹೇಳಬೇಕು, ಆದರೆ ನಡುವೆ ಬಾಯಿ ಹಾಕಬಾರದು. ಅವಳು ಮುಗಿಸಿದಳೋ ಇಲ್ಲವೋ ತಿಳಿಯುವುದು ಹೇಗೆ. ಅಂಗೈ ಮೇಜಿಗೆ ಅಂಟಿಕೊಂಡಿತ್ತು. ಮಾವ ತೀರಿಕೊಂಡ ದಿನ ಅವನು ಆಸ್ಪತ್ರೆಯ ಮೆಟ್ಟಿಲಲ್ಲಿ ಕೂತು, ಫೋನು ಹಿಡಿದ ಕೈ ನಡುಗುತ್ತದೆಂದು ಎರಡೂ ಕೈಯಲ್ಲಿ ಹಿಡಿದುಕೊಂಡು ಮಾತಾಡಿದ್ದ. ಕೈಯಷ್ಟೇ ನಡುಗಿದ್ದು, ದನಿಯಲ್ಲ. ಕೈಯನ್ನು ಫೋನಿನಲ್ಲಿ ಯಾರು ನೋಡುತ್ತಾರೆ.

"ನಾನು ಹೇಳೋದು ಒಂದೇ," ಎಂದಳು ಹೆಂಡತಿ. ಈಗ ಅವಳ ದನಿ ತಗ್ಗಿತ್ತು. "ಮಗು ಕಣ್ತಪ್ಪಿತು. ಅದು ಯಾರಿಗಾದರೂ ಆಗತ್ತೆ, ನನಗೂ ಆಗಬಹುದು. ನಾನು ಅದಕ್ಕೆ ಹಟ ಹಿಡಿದಿಲ್ಲ. ಅವಳು ನಿಲ್ದಾಣದಲ್ಲೇ ಇದ್ದಳು. ಮೂರು ಸಲ ಇವರ ದನಿ ಅವಳ ಕಿವಿಗೆ ಬಿದ್ದಿದೆ, ಹೌದು ಕೇಳಿಸ್ತು ಅಂತ ಅವಳೇ ಹೇಳಿದಾಳೆ. ಅಪ್ಪ ಕರೀತಿದ್ದರೂ ಹೋಗಲಿಲ್ಲ. ಹೆದರಿಕೆ ಆಯ್ತಾ ಪುಟ್ಟಿ ಅಂತ ಕೇಳ್ದೆ, ಹೂಂ ಅಂದಳು. ಅಪ್ಪನ ದನಿ ಕೇಳಿ ಹತ್ತಿರ ಬರದೆ ದೂರ ಹೋಗೋ ಮಗೂನ ನಾನು ಹೇಗೆ ಒಂದು ರಾತ್ರಿ ಅಲ್ಲಿ ಬಿಡ್ಲಿ ಹೇಳಿ. ಅದಕ್ಕೆ ಇವರು ಉತ್ತರ ಕೊಡ್ಲಿ, ನಾನು ಇಲ್ಲೇ ಸಹಿ ಹಾಕ್ತೀನಿ."

ಉತ್ತರ ಅವನ ಬಾಯಲ್ಲೇ ಇತ್ತು. ಮಗಳು ಹೆದರಿದ್ದಲ್ಲ, ಅವಳನ್ನು ಯಾರೂ ಕರೆದೇ ಇರಲಿಲ್ಲ. ಅಷ್ಟು ಹೇಳಿದರೆ ಅಪ್ಪನನ್ನು ಕಂಡರೆ ಮಗುವಿಗೆ ಭಯ ಎಂಬ ಮಾತು ಸುಳ್ಳಾಗುತ್ತದೆ. ಅಷ್ಟು ಹೇಳಿದರೆ ಮೂರು ಗಂಟೆ ಎದುರಿಗೆ ಕೂತ ಮಗಳ ಬಟ್ಟೆಯ ಬಣ್ಣ ತಿಳಿಯದವನು ಎಂದೂ ಆಗುತ್ತದೆ. ಅತ್ತ ದರಿ, ಇತ್ತ ಪುಲಿ. ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಮಾತು ನೆನಪಾಗಿ ಅವನಿಗೆ ನಗು ಬರುವ ಹಾಗಾಯಿತು, ಹಲ್ಲು ಕಚ್ಚಿ ತಡೆದುಕೊಂಡ. ಹಾಳೆಯ ಕೊನೆಯ ಸಾಲು, ಅದರ ಕೆಳಗಿನ ಎರಡು ಗೆರೆ ಕಣ್ಣ ಮುಂದೆ ಬಂದವು. ಸುಮ್ಮನಿದ್ದರೆ ಸಂಧಾನಕಾರರು ನಡುವಿನದೊಂದು ದಾರಿ ಹುಡುಕುತ್ತಾರೆ, ತಿಂಗಳಿಗೆ ಒಂದು ರಾತ್ರಿಯಾದರೂ ಸಿಗುತ್ತದೆ ಎಂದು ವಕೀಲರು ಹೇಳಿದ್ದರು. ಆದರೆ ಮಗಳಿಗೆ ತನ್ನನ್ನು ಕಂಡರೆ ಭಯ ಎಂದು ಒಂದು ಕಾಗದದಲ್ಲಿ ಬರೆದಿಡುತ್ತಾರೆ. ನಾಳೆ ಅವಳು ದೊಡ್ಡವಳಾಗಿ ಅದನ್ನು ಓದುತ್ತಾಳೆ. ಓದಿ, ಹೌದೇನೋ, ನನಗೆ ಆಗ ಭಯವಿತ್ತೇನೋ ಎಂದು ನಂಬುತ್ತಾಳೆ. ತಾನೂ ನೀಲಿಯನ್ನು ನಂಬಿದ್ದು ಹಾಗೇ ಅಲ್ಲವೇ.

"ನಾನು ತಪ್ಪು ಬಣ್ಣ ಹೇಳ್ದೆ," ಎಂದ.

ದನಿ ಎಲ್ಲಿಂದ ಬಂತೋ, ಅವನದೇ ಅಲ್ಲ ಎನ್ನುವ ಹಾಗೆ ಒಡೆದು ಬಂತು. ಸಂಧಾನಕಾರರು ಕಿವಿಯ ಯಂತ್ರವನ್ನು ಬೆರಳಿನಿಂದ ಒತ್ತಿಕೊಂಡು, "ಏನಂದ್ರಿ?" ಎಂದರು.

"ಹಳದಿ ಹಾಕ್ಕೊಂಡಿದ್ದಳು. ನಾನು ನೀಲಿ ಅಂದೆ. ಮೂರು ಸಲವೂ ನೀಲಿ ಅಂತಲೇ ಅಂದೆ. ಹೆಸರು ಹೇಳೋ ಹಾಗಿಲ್ಲ, ಹೇಳಲಿಲ್ಲ. ಅವಳಿಗೆ ನನ್ನ ದನಿ ಕೇಳಿಸಿದೆ, ಆದರೆ ನಾನು ಬೇರೆ ಯಾವುದೋ ಮಗೂನ ಕರೀತಿದ್ದ ಹಾಗೆ ಕೇಳಿಸಿದೆ. ಅವಳು ಯಾಕೆ ಬರಬೇಕಿತ್ತು? ಅವಳ ತಪ್ಪಿಲ್ಲ. ಹೆದರಿಕೆಯೂ ಅಲ್ಲ. ನನಗೆ ಬಣ್ಣ ನೆನಪಾಗಲಿಲ್ಲ. ಅಷ್ಟೇ." ಕೈಗಳು ಮೇಜಿನಿಂದ ಯಾವಾಗಲೋ ಜಾರಿ ತೊಡೆಯ ಮೇಲೆ ಬಿದ್ದಿದ್ದವು. ಈ ಹೊತ್ತಿನಲ್ಲಿ ಅವಳು ಎದ್ದು ಕೆನ್ನೆಗೆ ಹೊಡೆದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಅವಳು ಹೊಡೆಯಲಿಲ್ಲ.

"ನಾನೇ ಇಸ್ತ್ರಿ ಮಾಡಿ ಹಾಕಿ ಕಳಿಸಿದ್ದೆ," ಎಂದಳು. "ಅಪ್ಪನಿಗೆ ತೋರಿಸ್ಬೇಕು, ಹೊಸದು ಅಂತ ಹಟ ಮಾಡಿದ್ದಳು." ಆಮೇಲೆ ಸಂಧಾನಕಾರರಿಗೆ, "ನಾನು ಇನ್ನೇನು ಹೇಳ್ಲಿ ಮೇಡಂ. ಎದುರಿಗಿರೋ ಮಗು ಕಾಣಿಸದೆ ಇದ್ದವರ ಮನೇಲಿ ಮಗು ರಾತ್ರಿ ಕೆಮ್ಮಿದರೆ ಕೇಳಿಸತ್ತಾ," ಎಂದಳು.

ಹೊಸದು ಎಂದು ಅವನಿಗೆ ಗೊತ್ತಿರಲಿಲ್ಲ. ಮಗಳು ಅವತ್ತು ಬೀದಿಯ ತಿರುವಿನಲ್ಲಿ ಸುಮ್ಮನೆ ಒಂದು ಸುತ್ತು ತಿರುಗಿ ನಿಂತಿದ್ದಳು. ತಲೆ ಸುತ್ತತ್ತೆ ಬಾ ಎಂದು ಇವನು ಕೈ ಹಿಡಿದು ಎಳೆದುಕೊಂಡು ಬಂದಿದ್ದ. ಸಂಧಾನಕಾರರು ಇನ್ನೂ ಅರ್ಧ ಗಂಟೆ ಏನೇನೋ ಕೇಳಿದರು, ಇಬ್ಬರೂ ಮೆಲ್ಲಗೆ, ಮರ್ಯಾದೆಯಿಂದ ಉತ್ತರ ಕೊಟ್ಟರು. ದೂರದಿಂದ ನೋಡಿದವರು ಯಾವುದೋ ಮದುವೆಯ ಮಾತುಕತೆ ಎಂದುಕೊಳ್ಳಬೇಕು, ಅಷ್ಟು ಒಳ್ಳೆಯ ನಡತೆ. ಆರು ತಿಂಗಳು ಭಾನುವಾರ ಎರಡು ಗಂಟೆ, ಗ್ರಂಥಾಲಯದಲ್ಲಿ, ದೊಡ್ಡಮ್ಮನ ಜೊತೆ. ರಾತ್ರಿ ಉಳಿಯುವ ವಿಷಯ ಆಮೇಲೆ ನೋಡುವುದು. ಒಪ್ಪಿಗೆಯಾ ಎಂದರು. ಸರಿ ಎಂದ. ಟೈಪಾಗಲು ಇಪ್ಪತ್ತು ನಿಮಿಷ ಬೇಕು, ಅಲ್ಲಿಯ ತನಕ ಹೊರಗೆ ಹೋಗಿ ಮಗುವಿಗೆ ಇಬ್ಬರೂ ಸೇರಿ ಹೇಳಿ, ಒಬ್ಬರೇ ಹೇಳಬೇಡಿ ಎಂದು ಸಂಧಾನಕಾರರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು.

ಓಣಿಯಲ್ಲಿ ವಕೀಲರು ಅವನ ಮುಖ ನೋಡಿಯೇ ತಿಳಿದುಕೊಂಡರು. "ಹೇಳಿಬಿಟ್ರಾ?" ಎಂದರು. ತಲೆಯಾಡಿಸಿದ. "ಕೈಗೆ ಬಂದದ್ದು ಬಾಯಿಗೆ ಬರದ ಹಾಗೆ ಮಾಡಿಕೊಂಡ್ರಲ್ಲ ಸಾರ್," ಎಂದು ಬೇರೆ ಕಡೆ ನೋಡಿದರು. ಅವರ ಕಣ್ಣಿನಲ್ಲಿ ಹೇಸಿಗೆ ಇರಲಿಲ್ಲ, ಇದ್ದದ್ದು ಏನೆಂದು ನೋಡಲು ಅವನಿಗೆ ಪುರಸೊತ್ತಿರಲಿಲ್ಲ. ಹೆಂಡತಿ ಮುಂದೆ ಹೋಗಿ ಪುಟ್ಟಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ದೊಡ್ಡಮ್ಮ ಚೀಲ ಎತ್ತಿಕೊಂಡು ನೀರಿನ ಕಡೆ ಹೋದಳು. ಅವನು ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತ. ಮೊದಲು ಬೂಟಿನ ದಾರ ಕಟ್ಟಿದ. ಯಾರೂ ಬೇಡ ಎನ್ನಲಿಲ್ಲ.

ಭಾನುವಾರ ಗ್ರಂಥಾಲಯದಲ್ಲಿ ಎಂದು ಹೆಂಡತಿ ಶುರು ಮಾಡಿದಳು, ಎರಡು ಗಂಟೆ ಎಂದು ಅವನು ಮುಗಿಸಿದ. ಅಷ್ಟೇನಾ ಎಂದು ಪುಟ್ಟಿ ಅವನನ್ನು ನೋಡಿದಳು, ಅಮ್ಮನನ್ನು ನೋಡಿದಳು, ಕೈಯಲ್ಲಿದ್ದ ಬಣ್ಣದ ಕಡ್ಡಿಯನ್ನು ತಿರುಗಿಸಿದಳು. ಅವಳು ಅಳುತ್ತಾಳೆ ಎಂದುಕೊಂಡ. ಅವಳು ಅಳಲಿಲ್ಲ.

"ಅಪ್ಪಾ, ಒಂದು ಕೇಳ್ಲಾ? ಬೈಬಾರದು."

"ಬೈಯಲ್ಲ."

"ಆ ಹುಡುಗಿ ಸಿಕ್ಕಿದ್ಲಾ?"

ಯಾವ ಹುಡುಗಿ ಎಂದು ಕೇಳಿದ.

"ನೀಲಿ ಫ್ರಾಕಿನವಳು. ನೀನು ಮೈಕಲ್ಲಿ ಹೇಳ್ದಲ್ಲ. ನನ್ನಷ್ಟೇ ವಯಸ್ಸು. ಕಂಡವರು ಕರ್ಕೊಂಡು ಬನ್ನಿ ಅಂದೆ." ಅವಳು ದನಿ ತಗ್ಗಿಸಿದಳು. "ಅದಕ್ಕೇ ನಾನು ನೀರಿನ ಹತ್ರದಿಂದ ಹಾಗೇ ಹುಡುಕೋಕೆ ಹೋದೆ. ಒಂದನೇ ಪ್ಲಾಟ್‌ಫಾರ್ಮು, ಎರಡು, ಮೂರು, ಸೇತುವೆ ಮೆಟ್ಟಿಲ ಕೆಳಗೆ, ಎಲ್ಲಾ ಬೆಂಚೂ ನೋಡ್ದೆ. ಸಿಗಲೇ ಇಲ್ಲ. ನೀನು ಇಲ್ಲೇ ಇರು ಅಂದಿದ್ದೆ, ನಾನು ಎದ್ದು ಹೋದೆ, ಅದಕ್ಕೆ ಹೇಳಲಿಲ್ಲ."

"ಹೆದರಿಕೆ ಆಯ್ತು ಅಂದ್ಯಲ್ಲೇ ನನ್ನ ಹತ್ರ," ಎಂದಳು ಹೆಂಡತಿ.

"ಆಯ್ತು. ಅವಳು ಹಳಿ ಮೇಲೆ ಬಿದ್ದುಬಿಟ್ಟಿದ್ರೆ?" ಪುಟ್ಟಿ ಅಮ್ಮನಿಗೆ ಬುದ್ಧಿ ಹೇಳುವ ಹಾಗೆ ಹೇಳಿದಳು. "ಅಪ್ಪ ಮೂರನೇ ಸಲ ಹೇಳುವಾಗ ಅಳ್ತಾ ಇದ್ದ. ಅಪ್ಪ ಬೇರೆ ಮಕ್ಕಳಿಗೆ ಅಳಲ್ಲ. ಅದಕ್ಕೇ ಬೇಗ ಹುಡುಕ್ಬೇಕು ಅಂತ ಆರನೇ ಪ್ಲಾಟ್‌ಫಾರ್ಮಿಗೆ ಓಡ್ದೆ."

ಅವತ್ತು ನಿಲ್ದಾಣದಲ್ಲಿ ಸಾವಿರ ಜನ ಕೇಳಿಸಿಕೊಂಡಿದ್ದರು, ಯಾರೂ ತಲೆ ಎತ್ತಿರಲಿಲ್ಲ. ತಾನು ಅತ್ತದ್ದು ಅವನಿಗೇ ಗೊತ್ತಿರಲಿಲ್ಲ. ಹೆಂಡತಿಯನ್ನು ನೋಡಲು ಹೋಗಿ, ನೋಡಲಾರದೆ, ಮಗಳ ಬಿಳಿ ಬೂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಹೇಳಪ್ಪಾ, ಸಿಕ್ಕಿದ್ಲಾ ಎಂದು ಅವಳು ಮತ್ತೆ ಕೇಳಿದಳು. ಎಂಟು ತಿಂಗಳಿಂದ ಇಟ್ಟುಕೊಂಡ ಪ್ರಶ್ನೆ, ಉತ್ತರ ಇಲ್ಲದೆ ಅವಳು ಬಿಡುವವಳಲ್ಲ.

"ಅವಳದು ನೀಲಿ ಫ್ರಾಕಲ್ಲ ಪುಟ್ಟಿ," ಎಂದ. "ಹಳದಿ. ಬಿಳಿ ಅಂಚು. ನಾನು ತಪ್ಪು ಹೇಳ್ದೆ."

ಅವಳು ಅವನನ್ನೇ ನೋಡುತ್ತ ಇದ್ದಳು. ಲೆಕ್ಕ ಬಿಡಿಸುವಾಗ ಮಾಡುವ ಹಾಗೆ ಕೆಳತುಟಿ ಒಳಗೆ ಹೋಯಿತು, ಹೊರಗೆ ಬಂತು. ಆಮೇಲೆ ಕುರ್ಚಿಯಿಂದ ಇಳಿದು ಅವನ ಕುತ್ತಿಗೆಗೆ ಕೈ ಹಾಕಿದಳು. ಟೈಪು ಮಾಡುವವನು ಬಾಗಿಲಿಗೆ ಬಂದು, ಪ್ರತಿ ಸಿದ್ಧವಾಗಿದೆ, ಇಬ್ಬರೂ ಬಂದು ಸಹಿ ಹಾಕಬೇಕು ಎಂದ. ಹೆಂಡತಿ ಎದ್ದಳು. ಸೆರಗಿನಿಂದ ಮುಖ ಒರೆಸಿಕೊಂಡು, ಬಾಗಿಲ ತನಕ ಹೋಗಿ, ಇತ್ತ ತಿರುಗದೆ ಟೈಪಿನವನಿಗೆ ಹೇಳಿದಳು.

"ಸಹಿ ಈಗಲೇ ಬೇಡ. ಮೇಡಂಗೆ ಹೇಳಿ, ಒಂದು ಸಾಲು ತಿದ್ದೋದಿದೆ."

ಯಾವ ಸಾಲು ಎಂದು ಅವನು ಕೇಳುವ ಮೊದಲೇ ಅವಳು ಒಳಗೆ ಹೋಗಿದ್ದಳು. ಮಗಳನ್ನು ಎತ್ತಿಕೊಂಡೇ ಅವಳ ಹಿಂದೆ ಒಳಗೆ ಹೋದ.